ಎರಡು ಬೆರಳಗಲದ ಹಿತ್ತಾಳೆ

ಅಕ್ಕನ ಮಗಳು ಕಲೋಲೈನೆ ಬಂದು ಹೊಸ ಚಾಪೆಯೊಂದನ್ನು ಕಾಣಿಕೆಯಾಗಿ ಮುಂದಿಟ್ಟು ಕೂತಾಗಲೇ ಕೆಲೆಪಿಗೆ ಗೊತ್ತಾಯಿತು, ಇವತ್ತು ಮನೆಯಿಂದ ಏನೋ ಒಂದು ಹೋಗುತ್ತದೆ ಎಂದು. ಹಿಂದೆ ಹೀಗೇ ಬಂದು ಕೂತಾಗ ಒಮ್ಮೆ ಹೆಣ್ಣುಹಂದಿ ಹೋಗಿತ್ತು, ಒಮ್ಮೆ ಸೈಕಲ್ಲು, ಒಮ್ಮೆ ರೇಡಿಯೋ. ಅಕ್ಕನ ಮಕ್ಕಳು ಕೇಳಿದ್ದಕ್ಕೆ ಇಲ್ಲ ಅನ್ನುವ ಸೋದರಮಾವ ವಾವಾಉ ದ್ವೀಪದಲ್ಲಿ ಇನ್ನೂ ಹುಟ್ಟಿಲ್ಲ. ಅವರು ಫಹು, ಮಾವನ ಮನೆಯಲ್ಲಿ ಕಣ್ಣಿಗೆ ಬಿದ್ದದ್ದರ ಮೇಲೆಲ್ಲ ಹಕ್ಕು ಹೊತ್ತುಕೊಂಡೇ ಹುಟ್ಟಿದವರು. ಕೇಳುವುದು ಬರೀ ಮರ್ಯಾದೆಗೆ. ಕೇಳದೆ ಎತ್ತಿಕೊಂಡು ಹೋದರೂ ಯಾರೂ ತಪ್ಪು ಅನ್ನುವುದಿಲ್ಲ. ಹಂದಿ ಹೋದಾಗ ಕೆಲೆಪಿ ನಕ್ಕಿದ್ದ, ಸೈಕಲ್ಲು ಹೋದಾಗಲೂ ನಕ್ಕಿದ್ದ. ಕಲೋಲೈನೆ ಅಂದರೆ ಅವನಿಗೆ ಅಷ್ಟು ಅಕ್ಕರೆ.

ಈ ಸಲ ಅವಳು ಕೇಳಿದ್ದು ಕಹಳೆಯನ್ನು.

ಅದು ಕೆಲೆಪಿಯ ಅಪ್ಪ ಮೊಸೆಸೆಯ ಯೂಫೋನಿಯಂ. ಮಗುವನ್ನು ಕೂರಿಸಿಕೊಂಡ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಊದುವ ಹಿತ್ತಾಳೆ ಕಹಳೆ. ಅಪ್ಪ ಇರುವ ತನಕ ಅಪ್ಪ ಊದಿದ, ಆಮೇಲೆ ಇಪ್ಪತ್ತೆಂಟು ವರ್ಷ ಕೆಲೆಪಿ. ಊರ ಇಗರ್ಜಿಯ ಬ್ಯಾಂಡಿನಲ್ಲಿ ಒಂಟಿಯಾಗಿ ಊದುವ ಸಾಲು ಯಾವುದೇ ಬರಲಿ, ಅದು ಕೆಲೆಪಿಯದು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಎರಡು ವರ್ಷದ ಹಿಂದೆ ತೆಂಗಿನಕಾಯಿ ಲಾರಿಯಿಂದ ಮುಗ್ಗರಿಸಿ ಬಿದ್ದು ಮುಂದಿನ ಎರಡು ಹಲ್ಲು ಉದುರಿದವು ನೋಡಿ, ಅಲ್ಲಿಂದ ಶುರು. ಕಟ್ಟಿಸಿದ ಹಲ್ಲಿನ ಮೇಲೆ ತುಟಿ ಒತ್ತಿ ಮೇಲಿನ ಸ್ವರಕ್ಕೆ ಹೋದರೆ ಗಾಳಿ ಪಕ್ಕದಿಂದ ಪುಸ್ಸೆಂದು ಜಾರುತ್ತಿತ್ತು. ಜನ ಕೇಳಿಸಿಕೊಂಡೂ ಕೇಳದವರಂತೆ ಕೂತಿರುತ್ತಿದ್ದರು. ಅದು ನಕ್ಕುಬಿಡುವುದಕ್ಕಿಂತ ಕಷ್ಟ.

ಈಗ ಜೂನ್ ಕೊನೆಗೆ ಇಗರ್ಜಿಯ ಮಹಾಸಭೆ ನೇಯಾಫು ಪಟ್ಟಣದಲ್ಲಿ ಸೇರುವುದಿತ್ತು. ದ್ವೀಪ ದ್ವೀಪಗಳಿಂದ ದೋಣಿಗಟ್ಟಲೆ ಜನ ಬರುತ್ತಾರೆ. ಮೊದಲ ಭಾನುವಾರದ ಮೊದಲ ಸ್ತುತಿಗೀತೆ ಈ ಊರ ಬ್ಯಾಂಡಿನದು. ಆ ಗೀತೆಯ ಮೂರನೇ ಚರಣದಲ್ಲಿ ಉಳಿದ ವಾದ್ಯಗಳೆಲ್ಲ ಬಾಯಿ ಮುಚ್ಚಿಕೊಂಡು ಯೂಫೋನಿಯಂ ಒಂದೇ ಹಾಡಬೇಕು. ಬ್ಯಾಂಡ್ ಮಾಸ್ತರ ಪೌಲಿಯಾಸಿ ನಾಲ್ಕು ವರ್ಷದ ಹಿಂದೆ ಬೇರೆ ದ್ವೀಪದಿಂದ ಬಂದವರು, ಮುಲಾಜಿಲ್ಲದ ಕಿವಿಯವರು. ಆ ಚರಣವನ್ನು ಅವರು ಕಲೋಲೈನೆಗೆ ಕೊಟ್ಟುಬಿಟ್ಟರು. ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಇಪ್ಪತ್ತಾರರ ಹುಡುಗಿಗೆ.

ಅವಳ ಕೈಯಲ್ಲಿದ್ದ ಬ್ಯಾಂಡಿನ ಕಹಳೆ ನೆಗ್ಗಿ ಸೋರುತ್ತಿತ್ತು. ಅದಕ್ಕೇ ಬಂದಿದ್ದಳು.

"ಅಜ್ಜನ ಕಹಳೆ ಬೇಕು ಮಾವ," ಎಂದಳು. ಸುತ್ತಿ ಬಳಸಿ ಮಾತಾಡುವುದು ಅವಳಿಗೆ ಗೊತ್ತಿಲ್ಲ.

ಕೆಲೆಪಿ ನಕ್ಕ. ಒರೆಸಿಕೊಡುತ್ತೇನೆ ಇರು ಎಂದು ಹೇಳಿ ಹಿತ್ತಲಿನ ತಗಡಿನ ಕೊಟ್ಟಿಗೆಗೆ ಹೋದ. ದ್ವೀಪದ ಬ್ಯಾಂಡುಗಳ ವಾದ್ಯಗಳನ್ನೆಲ್ಲ ಅವನು ರಿಪೇರಿ ಮಾಡುತ್ತಿದ್ದದ್ದು ಅಲ್ಲೇ. ಕಹಳೆಯನ್ನು ತೊಡೆಯ ಮೇಲಿಟ್ಟುಕೊಂಡು ನಿಜವಾಗಿಯೂ ಒರೆಸಿದ. ಒರೆಸುತ್ತ ಒರೆಸುತ್ತ ಅವನ ಕೈ ಶ್ರುತಿಯ ಕೊಳವೆಯ ಹತ್ತಿರ ಬಂದು ನಿಂತಿತು.

ಇಲ್ಲೊಂದು ವಿಷಯ ಹೇಳಲೇಬೇಕು. ಆ ಕಹಳೆ ಹುಟ್ಟಿದ ಕಾಲದಲ್ಲಿ ಬ್ಯಾಂಡುಗಳ ಶ್ರುತಿಯೇ ಮೇಲಿತ್ತು. ಆಮೇಲೆ ಎಲ್ಲ ಕಡೆ ಶ್ರುತಿ ಇಳಿಯಿತು. ನಲವತ್ತು ವರ್ಷದ ಹಿಂದೆ ಊರ ಬ್ಯಾಂಡಿಗೆ ಹೊಸ ವಾದ್ಯಗಳು ಬಂದಾಗ ಮೊಸೆಸೆಯ ಕಹಳೆ ಒಂದೇ ಕಿವಿಗೆ ಮುಳ್ಳಿನಂತೆ ಚುಚ್ಚತೊಡಗಿತು. ಕೊಳವೆ ಉದ್ದವಾದರೆ ಶ್ರುತಿ ಇಳಿಯುತ್ತದೆ. ಆದರೆ ಆ ಕಹಳೆಯ ಶ್ರುತಿಯ ಕೊಳವೆ ಮೋಟು, ಬೇಕಾದಷ್ಟು ಎಳೆದರೆ ಕಳಚಿ ಕೈಗೇ ಬರುತ್ತದೆ. ಮೊಸೆಸೆ ಎರಡು ಬೆರಳಗಲದ ಎರಡು ಹಿತ್ತಾಳೆ ತುಂಡು ಕತ್ತರಿಸಿ, ಒಳಗೆ ತೆಳು ತಗಡು ಬೆಸೆದು, ಲಾಳದಂತೆ ಬಾಗಿದ ಆ ಕೊಳವೆಯ ಎರಡು ಕಾಲಿಗೂ ಸಿಕ್ಕಿಸಿದ. ಶ್ರುತಿ ಸರಿಹೋಯಿತು. ತುಂಡುಗಳು ಕಹಳೆಯ ಮೈಗೆ ಎಷ್ಟು ಒಗ್ಗಿಹೋದವೆಂದರೆ ಅವು ಹೊರಗಿನಿಂದ ಬಂದವು ಎನ್ನುವುದನ್ನೇ ಊರು ಮರೆಯಿತು.

ಕೆಲೆಪಿ ಆ ಎರಡು ತುಂಡುಗಳನ್ನು ಕಳಚಿದ. ತಂಬಾಕಿನ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ. ಕೊಳವೆಯನ್ನು ಮೊದಲಿನ ಜಾಗಕ್ಕೆ ತಳ್ಳಿ, ಕಹಳೆಯನ್ನು ಎರಡು ಕೈಯಲ್ಲಿ ಎತ್ತಿ ತಂದು ಅವಳ ಮಡಿಲಿಗೆ ಇಟ್ಟ. ಹೆಂಡತಿ ಲತಾಯಿಗೆ ಕಣ್ಣು ತುಂಬಿ ಬಂತು. ಗಂಡನ ಮನಸ್ಸು ಎಷ್ಟು ದೊಡ್ಡದು ಎಂದುಕೊಂಡಳು ಪಾಪ.

ಅವನ ಲೆಕ್ಕ ಅವನಿಗೆ ಸರಿಯಾಗಿತ್ತು. ಫಹು ಕೇಳಿದ್ದನ್ನು ಕೊಡಬೇಕು, ಕೊಟ್ಟಾಯಿತು. ಕೇಳದ್ದನ್ನು ಕೊಡಬೇಕೆಂದು ಎಲ್ಲಿದೆ? ಅವಳು ಕೇಳಿದ್ದು ಕಹಳೆ. ತುಂಡುಗಳನ್ನಲ್ಲ.

ಮಂಗಳವಾರದ ಅಭ್ಯಾಸಕ್ಕೆ ಕೆಲೆಪಿ ಹಿಂದಿನ ಸಾಲಿನಲ್ಲಿ, ಈಗ ಅವನ ಪಾಲಿಗೆ ಉಳಿದಿದ್ದ ಬರೀ ಬುಂಯ್ ಬುಂಯ್ ಎನ್ನುವ ದೊಡ್ಡ ಕಹಳೆ ಹಿಡಿದು ಕೂತ. ಮೂರನೇ ಚರಣ ಬಂತು. ಕಲೋಲೈನೆ ಅದನ್ನು ಊದಿ ಮುಗಿಸಿ, ಮತ್ತೆ ಎಲ್ಲರೂ ಸೇರಿಕೊಂಡರು ನೋಡಿ, ಹಲ್ಲು ಜುಮ್ಮೆಂದಿತು. ಪೌಲಿಯಾಸಿ ಕೈ ಎತ್ತಿ ನಿಲ್ಲಿಸಿ, ಇನ್ನೊಮ್ಮೆ ಎಂದರು. ಇನ್ನೊಮ್ಮೆಯೂ ಅದೇ. ಶ್ರುತಿ ಏರಿತ್ತು, ಒಂದೆರಡು ಸ್ವರದಲ್ಲಲ್ಲ, ಅಡಿಯಿಂದ ಮುಡಿಯವರೆಗೆ. ಅವಳು ಕೊಳವೆಯನ್ನು ಎಳೆದಳು, ಅದು ಕಳಚಿ ತೊಡೆಯ ಮೇಲೆ ಬಿತ್ತು. ಮುಂದಿನ ಸಾಲಿನವರು ಕಿಸಕ್ಕೆಂದರು. ಕೆಲೆಪಿ ನಗಲಿಲ್ಲ, ತನ್ನ ಕಹಳೆಯ ಬಾಯನ್ನು ಬಟ್ಟೆಯಿಂದ ಒರೆಸುತ್ತ ಕೂತ. ಎಷ್ಟೋ ದಿನದ ಮೇಲೆ ಅವನಿಗೆ ಹೊಟ್ಟೆ ತಣ್ಣಗಾಗಿತ್ತು.

ಮರುದಿನ ಅವಳು ಕಹಳೆಯನ್ನು ಹೊತ್ತುಕೊಂಡು ಅವನ ಕೊಟ್ಟಿಗೆಗೇ ಬಂದಳು. ಬೇರೆ ಎಲ್ಲಿಗೆ ಹೋಗಬೇಕು?

ಕೆಲೆಪಿ ಬಿಚ್ಚಿ ನೋಡಿದ. ವಾಲ್ವುಗಳಿಗೆ ಅವಳು ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಹಾಕಿದ್ದಳು. ಆ ಸೀಮೆಯಲ್ಲಿ ಜೂನ್ ಅಂದರೆ ಚಳಿಗಾಲ, ಆ ಚಳಿಗೆ ಅದು ಮೇಣದ ಹಾಗೆ ಹೆಪ್ಪುಗಟ್ಟಿ ಕೂತಿತ್ತು. ಅವನಿಗೆ ಇನ್ನೇನು ಬೇಕು, ಬಾಯಿಗೆ ಬಂದ ಹಾಗೆ ಬೈದ. ಕಹಳೆಗೇನು ಜಡೆ ಹಾಕುವುದಿದೆಯೇ, ಮೇಲೆ ಹೂವೂ ಮುಡಿಸಬೇಕಿತ್ತು ಎಂದ. ಅವಳು ತಲೆ ತಗ್ಗಿಸಿ ನಕ್ಕಳು. ತಪ್ಪೆಲ್ಲ ತನ್ನದೇ ಎಂದು ಆ ಹುಡುಗಿ ನಂಬಿಬಿಟ್ಟಳು.

ಆಮೇಲೆ ಮೂರು ದಿನ ಕೆಲೆಪಿ ಮಾಡಿದ ಕೆಲಸದಲ್ಲಿ ಒಂದೂ ಸುಳ್ಳು ಕೆಲಸವಲ್ಲ. ವಾಲ್ವುಗಳನ್ನು ಸೀಮೆಎಣ್ಣೆಯಲ್ಲಿ ನೆನೆಸಿ ತೊಳೆದ. ಸವೆದ ಮೆತ್ತೆಗಳ ಬದಲು ಹಳೆಯ ಕಂಬಳಿಯಿಂದ ಹೊಸವು ಕತ್ತರಿಸಿದ. ಎಂಜಲು ನೀರು ಬಿಡುವ ಕಿಂಡಿ ಸೋರುತ್ತಿತ್ತು, ಅದಕ್ಕೆ ಹವಾಯಿ ಚಪ್ಪಲಿಯ ರಬ್ಬರಿನಿಂದ ಬಿರಡೆ ಮಾಡಿ ಕೂರಿಸಿದ. ಕುತ್ತಿಗೆಯ ನೆಗ್ಗನ್ನು ಒಳಗಿನಿಂದ ಗುಂಡುಕಲ್ಲು ಉರುಳಿಸಿ ಎಬ್ಬಿಸಿದ. ಇಷ್ಟರಲ್ಲಿ ಯಾವುದರಿಂದಲೂ ಶ್ರುತಿ ಇಳಿಯುವುದಿಲ್ಲ ಎಂದು ಬಲ್ಲವನು ದ್ವೀಪದಲ್ಲಿ ಅವನೊಬ್ಬನೇ. ಎಲ್ಲ ಮುಗಿಸಿ ಅವಳ ಕೈಗೆ ಕೊಟ್ಟಾಗ ಆದದ್ದಿಷ್ಟು: ಮೊದಲು ಮಸುಕಾಗಿ ತಪ್ಪುತ್ತಿದ್ದ ಕಹಳೆ ಈಗ ಲಕ್ಷಣವಾಗಿ ತಪ್ಪತೊಡಗಿತು.

ಆದರೆ ಕೊಟ್ಟಿಗೆಯಲ್ಲಿ ಜೊತೆಗೆ ಬೇರೆ ವಾದ್ಯವಿರಲಿಲ್ಲ. ಅವಳೊಬ್ಬಳೇ ಊದಿದಳು. ಚರಣದ ಕೊನೆಗೆ ಒಂದು ಕೆಳಗಿನ ಸ್ವರವಿದೆ, ಮೆಲ್ಲಗೆ ಹಿಡಿದು ನಿಲ್ಲಿಸಬೇಕಾದ್ದು. ಕೆಲೆಪಿ ಇಪ್ಪತ್ತೆಂಟು ವರ್ಷ ಅದನ್ನು ಹಿಡಿದಿದ್ದ, ಗಟ್ಟಿಯಾಗಿ, ಎದೆಯುಬ್ಬಿಸಿ. ಇವಳು ಹಿಡಿದದ್ದು ಬೇರೆ ಥರ. ಮಲಗಿದ ಮಗುವಿಗೆ ಹೊದಿಕೆ ಹೊದಿಸುವಷ್ಟು ಮೆತ್ತಗೆ. ಅಪ್ಪ ಹೀಗೆ ಹಿಡಿಯುತ್ತಿದ್ದ. ತನ್ನಿಂದ ಯಾವತ್ತೂ ಆಗದೆ, ಇದು ಈ ಕಹಳೆಗೆ ಬರುವುದೇ ಇಲ್ಲ, ಅಪ್ಪನ ಜೊತೆಗೇ ಹೋಯಿತು ಎಂದು ಕೆಲೆಪಿ ಸಮಾಧಾನ ಮಾಡಿಕೊಂಡಿದ್ದ ಸ್ವರ ಅದು. ಅದು ಕಹಳೆಯೊಳಗೇ ಇತ್ತು. ಅವನಿಗೆ ಕೊಟ್ಟಿರಲಿಲ್ಲ, ಅಷ್ಟೆ.

ಅಸೂಯೆ ಅಂದರೆ ಏನೆಂದು ಅವನಿಗೆ ಆವತ್ತು ತಿಳಿಯಿತು. ಹಲ್ಲು ಹೋದದ್ದಕ್ಕೆ, ಚರಣ ಹೋದದ್ದಕ್ಕೆ ಉರಿದದ್ದೆಲ್ಲ ಬರೀ ಹೊಗೆ.

ಅವಳು ಕಹಳೆ ಕೆಳಗಿಳಿಸಿ, ಶ್ರುತಿಯ ಕೊಳವೆಯನ್ನು ಬೆರಳಿನಿಂದ ಸವರುತ್ತ ಕೇಳಿದಳು.

"ಇದರ ಜೊತೆ ಇನ್ನೇನಾದ್ರೂ ಇತ್ತಾ ಮಾವ? ಇಲ್ಲಿ ಏನೋ ಕಮ್ಮಿ ಇದೆ ಅನ್ಸುತ್ತೆ."

ಆ ಕ್ಷಣಕ್ಕೆ ಡಬ್ಬಿ ಅವನ ಮೊಣಕೈಯಿಂದ ಗೇಣುದ್ದ ದೂರದಲ್ಲಿತ್ತು. ಕೈ ಚಾಚಿದ್ದರೆ ಮುಗಿದುಹೋಗುತ್ತಿತ್ತು.

"ನೀನು ಕೇಳಿದ್ದು ಕಹಳೆ. ಕಹಳೆ ಕೊಟ್ಟಿದ್ದೀನಿ," ಎಂದ ಕೆಲೆಪಿ. "ಇನ್ನು ಮಿಕ್ಕಿದ್ದು ನಿನ್ನ ತುಟೀಲಿರಬೇಕು."

ಅವಳು ಅವನ ಮುಖವನ್ನೊಮ್ಮೆ ನೋಡಿದಳು, ಸರಿ ಎಂದು ತಲೆಯಾಡಿಸಿ ಕಹಳೆಯನ್ನು ಹೆಗಲಿಗೇರಿಸಿಕೊಂಡು ಹೋದಳು.

ಮರುವಾರ ಪೌಲಿಯಾಸಿ ಮಾಸ್ತರರೇ ಕೆಲೆಪಿಯ ಮನೆಗೆ ಬಂದರು. ಬೇರು ಅರೆದು ಮಾಡಿದ ಕಾವಾ ಕುಡಿಯುತ್ತ, ಕೆಮ್ಮುತ್ತ, ಬೇಸರದಿಂದಲೇ ಮಾತು ತೆಗೆದರು. ಶುಕ್ರವಾರ ಕಡೆಯ ಅಭ್ಯಾಸ. ಅಷ್ಟರೊಳಗೆ ಹಳೆಯ ಕಹಳೆ ಸರಿಹೋಗದಿದ್ದರೆ ಪಟ್ಟಣದ ಬ್ಯಾಂಡಿನಿಂದ ಒಂದು ಹೊಸದನ್ನು ಎರವಲು ತರುತ್ತಾರೆ. ಪಟ್ಟಣದವರು ಅದನ್ನು ಹುಡುಗಿಯ ಕೈಗೆ ಕೊಡುವುದಿಲ್ಲ, ಹಳಬ, ರಿಪೇರಿ ಬಲ್ಲವನು ಎಂದು ಕೆಲೆಪಿಗಾದರೆ ಕೊಡುತ್ತಾರಂತೆ. ಮೇಲಿನ ಸ್ವರವನ್ನು ಕೆಳಗಿನದಕ್ಕೆ ಬದಲಿಸಿ ಬರೆದುಕೊಡುತ್ತೇನೆ, ಊದುತ್ತೀಯಾ ಎಂದು ಕೇಳಿದರು. ಕೆಲೆಪಿ, ಹುಡುಗಿ ಬೇಜಾರು ಮಾಡಿಕೊಳ್ಳುತ್ತಾಳಲ್ಲ ಎಂದು ಎರಡು ಸಲ ಹೇಳಿದ. ಮೂರನೇ ಸಲಕ್ಕೆ ಒಪ್ಪಿಕೊಂಡ.

ಮಾಸ್ತರರು ಹೋದ ಮೇಲೆ ಲತಾಯಿ ಸೂಜಿ ಹುಡುಕುತ್ತ ಕೊಟ್ಟಿಗೆಗೆ ಹೋದವಳು ತಂಬಾಕಿನ ಡಬ್ಬಿ ಹಿಡಿದುಕೊಂಡು ಬಂದಳು. ಮುಚ್ಚಳ ತೆಗೆದೇ ಇತ್ತು. ಮೂವತ್ತು ವರ್ಷ ಆ ಕಹಳೆಯ ದೂಳು ಹೊಡೆದವಳಿಗೆ ಅವು ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಅವಳು ಇದನ್ನ ಕೇಳಲಿಲ್ಲ," ಎಂದ ಕೆಲೆಪಿ, ಅವಳು ಬಾಯಿ ತೆಗೆಯುವ ಮೊದಲೇ.

"ಅದು ಇದೆ ಅಂತ ಗೊತ್ತಿದ್ರೆ ತಾನೆ ಕೇಳೋದು," ಎಂದಳು ಲತಾಯಿ. "ನಾಳೆ ನೀನು ಸತ್ತರೆ ನಿನ್ನ ತಲೆದೆಸೇಲಿ ಕೂರೋಳು ಯಾರು ಅಂತ ನೆನಪಿದೆಯಾ? ನಾನಲ್ಲ, ನನ್ನ ಮಕ್ಕಳಲ್ಲ. ನಿನ್ನ ಫಹು, ಅವಳು."

ಡಬ್ಬಿಯನ್ನು ಅವನ ಮುಂದೆ ಕುಕ್ಕಿ ಹೋದಳು. ಎರಡು ದಿನ ಗಂಡನಿಗೆ ಊಟ ಬಡಿಸಿದಳು, ಮಾತು ಬಡಿಸಲಿಲ್ಲ. ಕೆಲೆಪಿ ಅದನ್ನೂ ಸಹಿಸಿಕೊಂಡ. ಭಾನುವಾರ ಒಂದು ಕಳೆಯಲಿ, ಆಮೇಲೆ ತುಂಡುಗಳನ್ನು ಎಲ್ಲೋ ಸಿಕ್ಕವು ಎಂದು ಕೊಟ್ಟುಬಿಟ್ಟರಾಯಿತು, ಎಲ್ಲ ಸರಿಹೋಗುತ್ತದೆ ಎಂದುಕೊಂಡ. ಜಾಣರು ಹೀಗೇ ಅಂದುಕೊಳ್ಳುವುದು.

ಶುಕ್ರವಾರ ಅಂಗಿಯ ಜೇಬಿನಲ್ಲಿ ಕಹಳೆಗೆ ಸಿಕ್ಕಿಸಿ ತುಟಿಗೊತ್ತುವ ತನ್ನ ಹಳೆಯ ಬಾಯಿತುದಿಯನ್ನು ಹಾಕಿಕೊಂಡು ಅಭ್ಯಾಸಕ್ಕೆ ಹೋದ. ದಾರಿಯುದ್ದಕ್ಕೂ ತುಟಿಯನ್ನು ನಾಲಗೆಯಿಂದ ತೇವ ಮಾಡಿಕೊಳ್ಳುತ್ತ ನಡೆದ. ಎರವಲು ತಂದ ಹೊಸ ಕಹಳೆ ಮೇಜಿನ ಮೇಲೆ ಬೆಳ್ಳಗೆ ಹೊಳೆಯುತ್ತಿತ್ತು. ಅವನು ಅದರತ್ತ ಎರಡು ಹೆಜ್ಜೆ ಇಟ್ಟಿದ್ದ, ಅಷ್ಟರಲ್ಲಿ ಕಲೋಲೈನೆ ಒಳಗೆ ಬಂದು ತನ್ನ ಜಾಗದಲ್ಲಿ ಕೂತು, ಯಾರನ್ನೂ ಕೇಳದೆ ಚರಣ ಶುರುಮಾಡಿದಳು. ಪೌಲಿಯಾಸಿ ಕೈ ಬೀಸಿದರು, ಮುಂದಿನ ಚರಣಕ್ಕೆ ಉಳಿದವರು ಸೇರಿಕೊಂಡರು. ಹಾಲಿಗೆ ಹಾಲು ಬೆರೆತ ಹಾಗೆ ಬೆರೆತುಕೊಂಡಿತು.

ಕೆಲೆಪಿ ಬಗ್ಗಿ ನೋಡಿದ. ಶ್ರುತಿಯ ಕೊಳವೆಯ ಎರಡು ಕಾಲಿಗೂ ಎರಡು ಬೆರಳಗಲದ ಎರಡು ತುಂಡು. ಹೊಸದಾಗಿ ಕತ್ತರಿಸಿದ್ದರಿಂದ ಅಂಚು ಹಳದಿಯಾಗಿ ಹೊಳೆಯುತ್ತಿತ್ತು. ಹಡಗುಕಟ್ಟೆಯ ವರ್ಕ್‌ಶಾಪಿನವರ ಕೈಕೆಲಸ ಇರಬೇಕು, ಬೆಸುಗೆ ಗಂಟುಗಂಟಾಗಿತ್ತು, ಅರ ಹಾಕಿದ ಗೀರು ಹಾಗೇ ಉಳಿದಿದ್ದವು. ಎಂಥ ಹೊತ್ತಿನಲ್ಲೂ ಕಸುಬು ಕಸುಬೇ ನೋಡಿ. ಆ ಗಂಟನ್ನು ಉಜ್ಜಿ ನುಣುಪು ಮಾಡಬೇಕೆಂದು ಅವನ ಕೈ ತುರಿಸಿತು. ಆಮೇಲೆ ಹೊಳೆಯಿತು ಆ ಹಿತ್ತಾಳೆ ಎಲ್ಲಿಯದೆಂದು.

ನಲವತ್ತು ವರ್ಷದ ಹಿಂದೆ ಅಪ್ಪ ತುಂಡು ಕತ್ತರಿಸಿದ್ದು ಅವ್ವನ ಹಿತ್ತಾಳೆ ಮಂಚದ ಕಾಲ್ದೆಸೆಯ ಸರಳಿನಿಂದ. ಆ ಮಂಚ ಅಕ್ಕ ಮೆಲೆನಾಯ್ತೆಯ ಮದುವೆಯಾದಾಗ ಅವಳ ಜೊತೆ ಹೋಗಿತ್ತು. ಕಲೋಲೈನೆ ಹುಟ್ಟಿದ್ದು, ಮಲಗಿ ಬೆಳೆದದ್ದು ಅದರ ಮೇಲೆಯೇ. ಹಲ್ಲು ಬಿದ್ದ ಬಾಯಿಯ ಹಾಗೆ ಒಂದು ಸರಳಿನಲ್ಲಿದ್ದ ಆ ಸಂದಿಯನ್ನು ಅವಳು ಚಿಕ್ಕಂದಿನಿಂದ ಕಾಲ್ಬೆರಳಲ್ಲಿ ಮುಟ್ಟಿ ಮುಟ್ಟಿ ಆಡಿದ್ದಳು. ತನ್ನ ತಾಯಿಯನ್ನು ಒಂದು ಮಾತು ಕೇಳಿರುತ್ತಾಳೆ, ಮೆಲೆನಾಯ್ತೆ ಹೇಳಿರುತ್ತಾಳೆ. ಅಂದಮೇಲೆ ಮೊದಲ ಜೋಡಿ ಎಲ್ಲಿ ಹೋಯಿತು ಎಂದು ತಾಯಿ ಮಗಳು ಇಬ್ಬರೂ ಯೋಚಿಸದೆ ಇರುತ್ತಾರೆಯೇ?

"ಏನಪ್ಪಾ ಮಾಡಿದೆ ಇದಕ್ಕೆ?" ಎಂದು ಪೌಲಿಯಾಸಿ ಕೆಲೆಪಿಯ ಬೆನ್ನು ತಟ್ಟಿದರು.

ಅವನು ಬಾಯಿ ತೆರೆಯುವ ಮೊದಲೇ ಕಲೋಲೈನೆ ಹೇಳಿದಳು, "ಎಲ್ಲಾ ಮಾವನೇ ಸರಿಮಾಡಿಕೊಟ್ಟಿದ್ದು." ಹೇಳುವಾಗ ಅವಳು ವಾಲ್ವಿಗೆ ಎಣ್ಣೆ ಬಿಡುತ್ತಿದ್ದಳು, ಅವನತ್ತ ನೋಡಲಿಲ್ಲ.

ಭಾನುವಾರ ನೇಯಾಫುವಿನ ಇಗರ್ಜಿಯಲ್ಲಿ ಉಸಿರಾಡಲು ಜಾಗವಿರಲಿಲ್ಲ. ದೊಡ್ಡ ದಿನಗಳ ಪದ್ಧತಿಯಂತೆ ಸೊಂಟಕ್ಕೆ ಒಳ್ಳೆಯ ಚಾಪೆ ಸುತ್ತಿಕೊಂಡು ಕೆಲೆಪಿ ಹಿಂದಿನ ಸಾಲಿನಲ್ಲಿ ಕೂತ. ಮೂರನೇ ಚರಣ ಬಂದಾಗ ಎಲ್ಲರಂತೆ ತನ್ನ ಕಹಳೆಯನ್ನು ತೊಡೆಯ ಮೇಲೆ ಮಲಗಿಸಿದ. ದೇವರ ಮನೆಯಲ್ಲಿ ಕೂತು ಅವನು ಬೇಡಿಕೊಂಡದ್ದು ಏನು ಗೊತ್ತೇ? ಒಡೆಯಲಿ, ಒಂದೇ ಒಂದು ಸ್ವರ ಒಡೆಯಲಿ ಎಂದು. ಒಡೆಯಲಿಲ್ಲ. ಮೇಲಿನದು ಮೇಲೆ ನಿಂತಿತು, ಕೊನೆಯ ಕೆಳಗಿನ ಸ್ವರ ಅಷ್ಟು ಜನರ ಮೇಲೆ ಮೆಲ್ಲಗೆ ಇಳಿಯಿತು. ಬ್ಯಾಂಡಿನ ಪಕ್ಕದ ಬೆಂಚಿನಲ್ಲಿ ಕೂತಿದ್ದ ಊರ ಮುದುಕಿಯೊಬ್ಬಳು ಕಣ್ಣೊರೆಸಿಕೊಳ್ಳುತ್ತ, ಮೊಸೆಸೆಯೇ ಎದ್ದು ಬಂದು ಊದಿದ ಹಾಗಿತ್ತು ಕಣವ್ವಾ ಎಂದು ಪಕ್ಕದವಳಿಗೆ ಹೇಳಿದಳು. ಇಪ್ಪತ್ತೆಂಟು ವರ್ಷದಲ್ಲಿ ಕೆಲೆಪಿಗೆ ಈ ಮಾತನ್ನು ಒಬ್ಬರೂ ಹೇಳಿರಲಿಲ್ಲ.

ಊಟದ ಚಪ್ಪರದಲ್ಲಿ ಪೌಲಿಯಾಸಿ ಎದ್ದು ನಿಂತು, ಸತ್ತಿದ್ದ ಕಹಳೆಗೆ ಜೀವ ಕೊಟ್ಟ ಕೈ ಇದು ಎಂದು ಕೆಲೆಪಿಯ ಕೈಯೆತ್ತಿ ತೋರಿಸಿದರು. ಜನ ಹೋ ಎಂದರು. ಹಂದಿಯ ಬೆನ್ನಿನ ಒಳ್ಳೆಯ ತುಂಡನ್ನೂ ಕೆಸುವಿನೆಲೆಯಲ್ಲಿ ಕಟ್ಟಿ ಬೇಯಿಸಿದ ಗಂಟನ್ನೂ ಅವನ ಮುಂದೆ ತಂದಿಟ್ಟರು. ಎಲ್ಲರ ಕಣ್ಣು ಅವನ ಮೇಲಿತ್ತು, ತಿನ್ನದೆ ವಿಧಿಯಿಲ್ಲ. ಆಚೆ ಹೆಂಗಸರ ಸಾಲಿನಲ್ಲಿ ಅಕ್ಕ ಮೆಲೆನಾಯ್ತೆ ಬೀಸಣಿಗೆ ಬೀಸಿಕೊಳ್ಳುತ್ತ ಕೂತಿದ್ದಳು. ಒಂದು ಸಲವೂ ಈ ಕಡೆ ತಿರುಗಲಿಲ್ಲ.

ಸೋಮವಾರ ಬೆಳಿಗ್ಗೆ ಅವನು ಡಬ್ಬಿ ತೆಗೆದುಕೊಂಡು ಅಕ್ಕನ ಮನೆಗೆ ಹೋದ. ಅಕ್ಕ ಇರುವ ಕಡೆ ತಮ್ಮ ನುಗ್ಗುವಂತಿಲ್ಲ, ಅಂಗಳದಲ್ಲೇ ನಿಂತ. ತೆರೆದ ಕಿಟಕಿಯಿಂದ ಮಂಚ ಕಾಣುತ್ತಿತ್ತು. ಕಾಲ್ದೆಸೆಯ ಸರಳಿನಲ್ಲಿ ಮೊದಲಿನ ಸಂದಿಯ ಪಕ್ಕ ಇನ್ನೊಂದು ಸಂದಿಯಾಗಿತ್ತು. ಇರಲಿಕ್ಕಿಲ್ಲ ಎಂದು ಎಲ್ಲೋ ಒಂದು ಮೂಲೆಯಲ್ಲಿ ಆಸೆಯಿತ್ತು ಅವನಿಗೆ, ಅದೂ ಹೋಯಿತು.

ಕಲೋಲೈನೆ ಅಂಗಳ ಗುಡಿಸುತ್ತಿದ್ದವಳು ಪೊರಕೆ ಗೋಡೆಗೆ ಒರಗಿಸಿ ಬಂದಳು. ಊಟ ಆಯಿತಾ ಮಾವ, ಅತ್ತೆ ಹೇಗಿದಾರೆ ಎಂದು ಯಾವಾಗಿನ ಹಾಗೆ ಕೇಳಿದಳು. ಕೆಲೆಪಿ ಡಬ್ಬಿಯ ಮುಚ್ಚಳ ತೆಗೆದು ಎರಡು ಕೈಯಲ್ಲಿ ಅವಳ ಮುಂದೆ ಹಿಡಿದ.

"ಹೊಟ್ಟೆಕಿಚ್ಚು ಕಣೇ," ಎಂದ. "ನಿನ್ನ ಮೇಲೆ. ಬೇರೆ ಏನೂ ಅಲ್ಲ. ತಗೋ, ಇದು ಚೆನ್ನಾಗಿ ಕೂರುತ್ತೆ, ನಿಮ್ಮಜ್ಜನ ಕೈಯಿಂದ ಆದದ್ದು."

ಅವಳು ಡಬ್ಬಿಯೊಳಗೆ ನೋಡಿದಳು. ಒಂದು ತುಂಡನ್ನು ಎತ್ತಿ, ಬೆಳಕಿಗೆ ಹಿಡಿದು, ಒಳಗಿನ ಬೆಸುಗೆಯನ್ನು ಬೆರಳಿನಿಂದ ಸವರಿದಳು. ಅವಳ ಕಣ್ಣು ಒದ್ದೆಯಾಯಿತು. ಆಮೇಲೆ ಅದನ್ನು ಜೋಪಾನವಾಗಿ ಮತ್ತೆ ಡಬ್ಬಿಯೊಳಗಿಟ್ಟು, ತಾನೇ ಮುಚ್ಚಳ ಮುಚ್ಚಿದಳು.

"ನಾನು ಕೇಳಿದ್ದು ಕಹಳೆ ಮಾವ. ಕಹಳೆ ಕೊಟ್ಟಿದ್ದೀಯ."

ದನಿಯಲ್ಲಿ ಕೋಪವಿರಲಿಲ್ಲ. ಕೆಲೆಪಿ ಡಬ್ಬಿ ಹಿಡಿದ ಕೈಯನ್ನು ಚಾಚಿಕೊಂಡೇ ನಿಂತಿದ್ದ. ಹುಟ್ಟಿದಂದಿನಿಂದ ಅವನ ಕೈಯಿಂದ ಬೇಕಾದ್ದನ್ನೆಲ್ಲ ತೆಗೆದುಕೊಂಡ ಹುಡುಗಿ ಅವತ್ತು ಏನನ್ನೂ ತೆಗೆದುಕೊಳ್ಳದೆ ಪೊರಕೆ ಎತ್ತಿಕೊಂಡು ಅಂಗಳದ ಉಳಿದರ್ಧವನ್ನು ಗುಡಿಸಲು ಹೋದಳು.